ತಾಳೆ ನೋಡುವವನ ಹೆಂಡತಿ

ನನ್ನ ತಮ್ಮ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಉತ್ತರ ಆಮೇಲೆ. ಯಾಕೆಂದರೆ ಉತ್ತರ ಕೇಳಿದವರೆಲ್ಲ ನಗುತ್ತಾರೆ. ನಲವತ್ತು ದಾಟಿದ ಗಂಡಸು, ತಲೆ ಅರ್ಧ ನರೆತಿದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ವಿಡಿಯೋ ಗೇಮ್ ಆಡುತ್ತಾನೆ, ಅದಕ್ಕೆ ಸಂಬಳವೂ ಬರುತ್ತದೆ. 'ಪುಣ್ಯ ಮಾಡಿದ್ದಾರೆ ಬಿಡಿ ನಿಮ್ಮ ತಮ್ಮ' ಅನ್ನುತ್ತಾರೆ. ಪುಣ್ಯವಂತೆ ಪುಣ್ಯ! ಆ ಪುಣ್ಯ ನನ್ನ ಶತ್ರುವಿಗೂ ಬೇಡ.

ಹಳೇ ಕನ್ಸೋಲಿಗೆಂದು, ಅಂದರೆ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆಗೆಂದು, ಮಾಡಿದ ಆಟ ಹೊಸ ಕನ್ಸೋಲಿನಲ್ಲಿ ಹಾಗೇ ಓಡುವುದಿಲ್ಲವಂತೆ. ಅದನ್ನು ಪೂರ್ತಿ ಬಿಚ್ಚಿ, ಹೊಸದಕ್ಕೆ ಕೂರುವಂತೆ ಮತ್ತೆ ಜೋಡಿಸಬೇಕು. ಅವರ ಬಾಯಲ್ಲಿ ಅದಕ್ಕೆ ಪೋರ್ಟ್ ಎಂದು ಹೆಸರು. ನಾನು ದರ್ಜಿ, ನನಗೆ ಅರ್ಥವಾಗುವುದು ಹೀಗೆ: ಗಿರಾಕಿ ಸವೆದುಹೋದ ಹಳೇ ಅಂಗಿ ತಂದು ಮೇಜಿನ ಮೇಲಿಟ್ಟು, 'ಇದೇ ಅಳತೆಗೆ ಹೊಸದು ಹೊಲಿದುಕೊಡಿ' ಅಂದ ಹಾಗೆ. ಹೊಲಿದದ್ದು ಹಳೆಯದರ ಹಾಗೇ ಬಂದಿದೆಯೋ ಇಲ್ಲವೋ ತಾಳೆ ನೋಡಿ ಹೇಳುವುದು ನನ್ನ ತಮ್ಮನ ಕೆಲಸ. ಆಫೀಸಿನಲ್ಲಿ ಅವನಿಗೆ ತಾಳೆಯಪ್ಪ ಎಂದೇ ಹೆಸರು.

ಹೆಸರಿಗೆ ತಕ್ಕವನೇ. ಚಿಕ್ಕವನಿದ್ದಾಗ ಅಮ್ಮ ನಮ್ಮಿಬ್ಬರಿಗೂ ಹಾಲು ಹಾಕಿದರೆ ಎರಡು ಲೋಟವನ್ನೂ ಅಕ್ಕಪಕ್ಕ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹೆಚ್ಚು ಬೇಕೆಂಬ ಆಸೆಯಿಂದಲ್ಲ. ಅವನದರಲ್ಲಿ ಹೆಚ್ಚಿದ್ದರೆ ನನ್ನ ಲೋಟಕ್ಕೆ ಸುರಿಯುತ್ತಿದ್ದ. ಸಮ ಇಲ್ಲದಿದ್ದರೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೇ. ಅಪ್ಪ ಒಂದು ಸಲ ಮೀಸೆ ತೆಗೆಸಿಕೊಂಡು ಬಂದರು. ಅದು ಮತ್ತೆ ಬೆಳೆಯುವವರೆಗೂ ಇವನು ಅಪ್ಪನಿಗೆ ಬೆನ್ನು ಹಾಕಿಕೊಂಡೇ ಊಟಕ್ಕೆ ಕೂತ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬ್ಯಾಟರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಅವನ ಕೋಣೆಯಲ್ಲಿ ಎರಡು ಟೀವಿ. ಎಡಗಡೆಯದು ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದ ಡಬ್ಬಾ ಟೀವಿ, ಅದಕ್ಕೆ ಹಳೇ ಕನ್ಸೋಲು. ಬಲಗಡೆಯದು ತೆಳ್ಳನೆಯದು, ಅದಕ್ಕೆ ಹೊಸದು. ನಡುವೆ ಕುರ್ಚಿ ಹಾಕಿಕೊಂಡು ಇವನು. ಎಡಗಡೆ ಒಂದು ಬಾಗಿಲು ತೆರೆದು ಒಳಗೆ ಹೋಗುತ್ತಾನೆ, ಬಲಗಡೆಯೂ ಅದೇ ಬಾಗಿಲು ತೆರೆದು ಒಳಗೆ ಹೋಗುತ್ತಾನೆ. ಕತ್ತಲೆ ಅಷ್ಟೇ ಕಪ್ಪಾಗಿದೆಯೇ, ಹೆಜ್ಜೆ ಸದ್ದು ಅಷ್ಟೇ ಹಿಂದೆ ಬೀಳುತ್ತದೆಯೇ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾನೆ. ಆ ಆಫೀಸಿನಲ್ಲಿ 'ಚೆನ್ನಾಗಿದೆ' ಎನ್ನುವ ಮಾತನ್ನು ಯಾರೂ ಆಡಕೂಡದು. ಚೆನ್ನಾಗಿದೆಯೋ ಇಲ್ಲವೋ, ಕೇಳಿದವರು ಯಾರು? ಅಲ್ಲಿ ಇರುವುದು ಎರಡೇ ತೀರ್ಪು: 'ಅದೇ', ಇಲ್ಲವೇ 'ಅದಲ್ಲ'. ಇವನು 'ಅದಲ್ಲ' ಅಂದರೆ ಪಕ್ಕದ ಕೋಣೆಯ ಪ್ರೋಗ್ರಾಮರ್ ಹಣೆ ಚಚ್ಚಿಕೊಂಡು ಮೊದಲಿನಿಂದ ಶುರು ಮಾಡಬೇಕು. 'ಅದೇ' ಅಂದರೆ ಅವತ್ತು ಎಲ್ಲರಿಗೂ ಟೀ.

ಇನ್ನೊಂದು ನಿಯಮ ಇದೆ. ಬೆಳಿಗ್ಗೆ ಬಂದವನು ಮೊದಲು ಮೂಲವನ್ನೇ ನೋಡಬೇಕು. ಹೊಸದರ ಮೇಲೆ ಕಣ್ಣು ಹಾಕುವ ಹಾಗಿಲ್ಲ. 'ಕಣ್ಣು ಬಲು ಮೋಸದ್ದು ಅಕ್ಕಾ' ಎಂದು ಒಮ್ಮೆ ಹೇಳಿದ್ದ. 'ಯಾವುದನ್ನ ಹೆಚ್ಚು ನೋಡುತ್ತೋ ಅದನ್ನೇ ಮೂಲ ಅಂದ್ಕೊಂಡುಬಿಡುತ್ತೆ. ಆಮೇಲೆ ನಿಜವಾದ ಮೂಲಾನೇ ತಪ್ಪು ಅನ್ನಿಸೋಕೆ ಶುರುವಾಗುತ್ತೆ.' ನಿನ್ನ ತಲೆ, ಎಂದು ನಾನು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದೆ.

ಇಂಥವನಿಗೆ ಎಂಥ ಹೆಂಡತಿ ಸಿಗಬೇಕು? ದೇವರು ತಮಾಷೆ ನೋಡುವುದಕ್ಕೇ ಜೋಡಿ ಮಾಡುತ್ತಾನೆ. ಸಿಕ್ಕವಳಿಗೆ ನಮ್ಮ ಮನೆಯಲ್ಲಿ ಪಟಾಕಿ ಎಂದು ಹೆಸರು, ಇಟ್ಟವಳು ನಾನೇ. ಬಾಯಿ ಅಂದರೆ ಬಾಯಿ. ತರಕಾರಿಯವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಅವಳ ಹತ್ತಿರ ಬೈಸಿಕೊಳ್ಳದವರೇ ಇರಲಿಲ್ಲ. ನಾನೇನು ಕಡಿಮೆಯೇ? ನಾವಿಬ್ಬರೂ ಹಾವು ಮುಂಗುಸಿ. ಒಂದು ಸಲ ಅಡುಗೆಗೆ ಉಪ್ಪು ಹೆಚ್ಚಾಯಿತು ಎಂದದ್ದಕ್ಕೆ ಸೌಟನ್ನೇ ನನ್ನ ಮೇಲೆ ಎಸೆದಳು. ನಾನು ಬಗ್ಗಿದೆ, ಅದು ಗೋಡೆಗೆ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು ಪಕ್ಕದಲ್ಲಿ ಕೂತು, 'ಅಯ್ಯೋ ಅತ್ತಿಗೆ, ಬಿದ್ದಿದ್ರೆ ಏನು ಗತಿ!' ಎಂದು ನಕ್ಕೂ ನಕ್ಕೂ ಕೊನೆಗೆ ಅತ್ತಳು. ಅವಳು ಬೈಯುವಾಗ ನನ್ನ ತಮ್ಮ ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೇಳುತ್ತಿದ್ದ. ಜಗತ್ತಿನಲ್ಲಿ ಅವನು ಯಾವುದಕ್ಕೂ ತಾಳೆ ಹಾಕದೆ ನೋಡುತ್ತಿದ್ದದ್ದು ಅವಳೊಬ್ಬಳನ್ನೇ. ನನಗೆ ಅವಳೆಂದರೆ ಪ್ರಾಣ, ಆದರೆ ಹಾಗೆಂದು ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಜಗಳ ತೆಗೆಯುತ್ತಿದ್ದಳು.

ಬಸ್ಸಿನಿಂದ ಇಳಿಯುವಾಗ ಮೆಟ್ಟಿಲಲ್ಲಿ ಕಾಲು ಜಾರಿತು. ತಲೆ ಹೋಗಿ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಬಹಳ ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಕಣ್ಣು ಬಿಟ್ಟಾಗ ಕೈಕಾಲು ಸರಿಯಿದ್ದವು, ಮಾತೂ ಸರಿಯಿತ್ತು. ಅಡುಗೆ ಮಾಡುವುದು, ಗುಂಡಿ ಹೊಲಿಯುವುದು, ಎಲ್ಲ ಕೈಗೆ ನೆನಪಿತ್ತು. ತಾನು ಯಾರು ಎನ್ನುವುದೊಂದು ಮಾತ್ರ ಹೋಗಿತ್ತು. ನನ್ನ ತಮ್ಮನನ್ನು ನೋಡಿ, 'ನೀವ್ಯಾರು ಅಂತ ಗೊತ್ತಾಗ್ಲಿಲ್ಲ, ದಯವಿಟ್ಟು ಬೇಜಾರು ಮಾಡ್ಕೋಬೇಡಿ' ಅಂದಳು. ದಯವಿಟ್ಟು! ಪಟಾಕಿಯ ಬಾಯಲ್ಲಿ ಆ ಮಾತು!

'ಮನೆಗೆ ಕರ್ಕೊಂಡು ಹೋಗಿ. ಮೊದಲು ಹೇಗಿದ್ರು, ಏನು ಮಾಡ್ತಿದ್ರು ಅಂತ ಹೇಳ್ತಾ ಇರಿ. ನೆನಪು ಬಂದ್ರೂ ಬರಬಹುದು' ಎಂದರು ಡಾಕ್ಟರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು.

ಅವಳು ಮನೆಗೆ ಬಂದ ವಾರದಲ್ಲಿ ನಾನು ಊಟಕ್ಕೆ ಹೋಗಿದ್ದೆ. ಅವಳು ಬಡಿಸಿ, ಅವನ ಎದುರು ಕೂತಳು. ತುತ್ತಿನ ನಡುವೆ ನೀರು ಕುಡಿದಳು.

'ಊಟದ ಮಧ್ಯೆ ನೀನು ನೀರು ಕುಡೀತಿರ್ಲಿಲ್ಲ' ಅಂದ ನನ್ನ ತಮ್ಮ. ಬೈಯಲಿಲ್ಲ, ಗದರಲಿಲ್ಲ. ಆಫೀಸಿನಲ್ಲಿ ಬಾಗಿಲಿನ ಬಣ್ಣ ಸ್ವಲ್ಪ ತಿಳಿಯಾಯಿತು ಅಂತಾರಲ್ಲ, ಆ ದನಿ.

ಅವಳು ಲೋಟ ಪಕ್ಕಕ್ಕಿಟ್ಟಳು. 'ಮತ್ತೆ?'

'ಕೊನೇಲಿ, ಒಂದೇ ಸಲಕ್ಕೆ. ತಲೆ ಎತ್ತಿ.'

ಅವಳು ಊಟ ಮುಗಿಸಿ, ತಲೆ ಎತ್ತಿ, ಒಂದೇ ಸಲಕ್ಕೆ ಕುಡಿದು, ಅವನನ್ನೇ ನೋಡಿದಳು. ಅವನ ಕಣ್ಣು ಅವಳ ಮುಖದಿಂದ ಎಡಕ್ಕೆ ಸರಿಯಿತು. ಅಲ್ಲಿ ಖಾಲಿ ಕುರ್ಚಿ. ಆ ಖಾಲಿ ಕುರ್ಚಿಯನ್ನು ಒಂದು ಕ್ಷಣ ನೋಡಿ, ಮತ್ತೆ ಅವಳ ಮುಖಕ್ಕೆ ಬಂತು.

'ಅದಲ್ಲ' ಅಂದ.

ನನಗೆ ರೇಗಿಹೋಯಿತು. 'ಲೋ, ಇವಳೇನು ನಿನ್ನ ಬಲಗಡೆ ಟೀವಿನೇನೋ? ಇವಳು ಅವಳೇ ಕಣೋ, ಅದೇ ಮೂಗು, ಅದೇ ಮೂತಿ!'

'ಗೊತ್ತು ಅಕ್ಕಾ. ಆದ್ರೆ ಅದಲ್ಲ.'

ಅವನು ಹಜಾರದಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಿದ್ದ. ಅವಳು ಒಳಗೆ. ಅವಳಿಗೆ ತಂದೆತಾಯಿ ಇಲ್ಲ, ಒಡಹುಟ್ಟಿದವರಿಲ್ಲ, ನೆನಪಿನಲ್ಲೂ ಹೋಗಿ ನಿಲ್ಲುವುದಕ್ಕೆ ಒಂದು ಮನೆಯಿಲ್ಲ. ಇರುವುದು ಈ ಮನೆ, ಈ ಗಂಡ. ಅವನ ಬಾಯಿಂದ ಒಂದು 'ಅದೇ' ಬರಬೇಕು. ಬರುವವರೆಗೆ ಅವಳು ಆ ಮನೆಗೆ ಬಂದ ನೆಂಟರ ಲೆಕ್ಕ. ಪಾಪ, ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಹೇಳಿದ್ದನ್ನೆಲ್ಲ ಮಾಡಿ ತೋರಿಸುತ್ತಿದ್ದಳು. ಹೀಗೆ ಕೂಗುತ್ತಿದ್ದೆ ಅಂದರೆ ಕೂಗುತ್ತಿದ್ದಳು. ಹೀಗೆ ಬಾಗಿಲು ಹಾಕುತ್ತಿದ್ದೆ ಅಂದರೆ ಹಾಗೇ ದಡಾರನೆ ಹಾಕುತ್ತಿದ್ದಳು, ಹಾಕಿ ಮತ್ತೆ ತೆರೆದು ಇಣುಕುತ್ತಿದ್ದಳು, ಸರಿಯಾಯಿತೇ ಎಂದು. ಅದಲ್ಲ. ಅದಲ್ಲ.

ನಾನೂ ನನ್ನ ಪಾಲಿನದು ಹೇಳಿದೆ. ಸೌಟಿನ ಕಥೆ ಹೇಳಿದರೆ ನಗುತ್ತಾಳೆ ಎಂದುಕೊಂಡೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, 'ಯಾವ ಕೈಲಿ ಎಸೆದೆ ಅತ್ತಿಗೆ?' ಅಂದಳು. ಬಲಗೈ ಅಂದೆ. ಮಾರನೆಯ ದಿನ ಹೋದರೆ ಅಡುಗೆಮನೆಯಿಂದ ಠಣ್ ಎಂದು ಸದ್ದು. ಇಣುಕಿ ನೋಡಿದೆ. ಗೋಡೆಯ ಎದುರು ನಿಂತು ಸೌಟು ಎಸೆಯುತ್ತಾಳೆ, ಹೋಗಿ ಎತ್ತಿಕೊಂಡು ಬರುತ್ತಾಳೆ, ನಿಂತ ಜಾಗಕ್ಕೇ ಬಂದು ನಿಂತು ಮತ್ತೆ ಎಸೆಯುತ್ತಾಳೆ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ನಾನು ಸದ್ದು ಮಾಡದೆ ಹೊರಗೆ ಬಂದುಬಿಟ್ಟೆ. ಬೀದಿಗೆ ಬಂದ ಮೇಲೂ ಆ ಠಣ್ ಕಿವಿಯಲ್ಲೇ ಇತ್ತು. ಅಂದಿನಿಂದ ನಾನು ಹಳೆಯ ಕಥೆ ಹೇಳುವುದನ್ನು ನಿಲ್ಲಿಸಿದೆ.

ಅದೇ ಕಾಲಕ್ಕೆ ಆಫೀಸಿನಲ್ಲಿ ಒಂದು ದೊಡ್ಡ ಕೆಲಸ ಬಂದಿತ್ತು. ಬಹಳ ಹಳೆಯ ಆಟವಂತೆ, ಹೆದರಿಸುವಂಥದ್ದು, ಒಂದು ಕಾಲದಲ್ಲಿ ಮನೆಮನೆಯಲ್ಲೂ ಆಡುತ್ತಿದ್ದದ್ದು. ಒಂದು ಪಾಳುಬಿದ್ದ ಹೋಟೆಲು. ಅದರೊಳಗೆ ಒಬ್ಬ ಹೆಂಗಸು ದೀಪ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಯಾರನ್ನೋ ಹುಡುಕುತ್ತ ಹೋಗುತ್ತಾಳೆ. ಆಟವಾಡುವವರು ಅವಳನ್ನು ನಡೆಸಬೇಕು. ಇದರ ಪೋರ್ಟ್ ಅವರ ಪ್ರಾಣ ತಿಂದುಬಿಟ್ಟಿತು. ಹಳೇ ಕನ್ಸೋಲಿಗೆ ದೂರದ್ದನ್ನು ತೋರಿಸುವ ಶಕ್ತಿಯಿರಲಿಲ್ಲ ಎಂದು ಆಗಿನವರು ಎಲ್ಲೆಲ್ಲೂ ಮಂಜು ತುಂಬಿದ್ದರಂತೆ. ಹೊಸದಕ್ಕೆ ಆ ಶಕ್ತಿ ಇದೆ ಎಂದು ಇವರು ಮಂಜು ತೆಗೆದರು. ತೆಗೆದರೆ ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಏನಿದೆ? ಏನೂ ಇಲ್ಲ, ಬೋಳು ಗೋಡೆ! ಭಯವೆಲ್ಲ ಹೋಯಿತು. 'ಅದಲ್ಲ' ಅಂದ ನನ್ನ ತಮ್ಮ. ಮಂಜನ್ನು ಮತ್ತೆ ತುಂಬಿದರು.

ಎಲ್ಲಕ್ಕಿಂತ ಹೆಚ್ಚಾಗಿ ಅವನ ತಲೆ ತಿಂದದ್ದು ಬೇರೆ. ಆಟ ಆಡದೆ ಸುಮ್ಮನೆ ಬಿಟ್ಟರೆ ಆ ಹೆಂಗಸು ಏನೋ ಮಾಡುತ್ತಾಳಂತೆ, ಅದು ಹೊಸದರಲ್ಲಿ ಸರಿಯಾಗಿ ಬರುತ್ತಿಲ್ಲವಂತೆ. 'ಏನು ಮಾಡ್ತಾಳೆ?' ಎಂದು ಕೇಳಿದ್ದಕ್ಕೆ, 'ಹೇಳಿದ್ರೆ ಗೊತ್ತಾಗಲ್ಲ ಅಕ್ಕಾ, ನೋಡ್ಬೇಕು' ಅಂದ. ತಿಂಗಳುಗಟ್ಟಲೆ ಅದೇ ಧ್ಯಾನ. ಮನೆಯಲ್ಲಿರುವ ಹೆಂಗಸನ್ನು ಬಿಟ್ಟು ಡಬ್ಬಿಯಲ್ಲಿರುವ ಹೆಂಗಸನ್ನು ಕಾಯುತ್ತಿದ್ದಾನಲ್ಲ ಎಂದು ನನಗೆ ಕೆಟ್ಟ ಕೋಪ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ನನ್ನ ಅಂಗಡಿಗೆ ಬಂದ. ಮುಖದಲ್ಲಿ ಅಂಥ ಬೆಳಕನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. 'ಅಕ್ಕಾ' ಅಂದ, 'ಬಂದ್ಲು.'

'ಯಾರೋ?'

'ಅವಳೇ. ನಿನ್ನೆ ಸಂಜೆ ಕಿಟಕಿ ಹತ್ರ ನಿಂತಿದ್ಲು. ತಿರುಗಿ ನೋಡಿದ್ಲು. ಅದೇ ಅಕ್ಕಾ. ಅದೇ!' ಎಂದು ಬಟ್ಟೆ ಕತ್ತರಿಸುವ ಮೇಜಿಗೆ ತಲೆ ಆನಿಸಿ ನಕ್ಕ.

ನಾನು ಹೊಲಿಗೆ ಬಿಟ್ಟು ಅವಸರದಲ್ಲಿ ಅವರ ಮನೆಗೆ ಓಡಿದೆ. ಅವಳು ಕಿಟಕಿಯ ಬಳಿ ಹೊರಗೆ ನೋಡುತ್ತ ನಿಂತಿದ್ದಳು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾಕಿದಳು. ಬಲಗೈಯಿಂದ ಎಡ ಮೊಣಕೈಯನ್ನು ಮೆಲ್ಲಗೆ ಸವರಿಕೊಂಡಳು. ಆಮೇಲೆ ಹಿಂತಿರುಗಿ ನೋಡಿದಳು. ತಿರುಗುವಾಗ ಅವಳ ಕತ್ತು ಅರ್ಧದಲ್ಲಿ ಒಂದು ಕ್ಷಣ ನಿಂತಿತು. ನಿಂತು, ಮಿಕ್ಕರ್ಧ ತಿರುಗಿತು. ನೆಟ್ಟಗೆ ನನ್ನ ಕಣ್ಣಿಗೇ ಕಣ್ಣಿಟ್ಟು ನೋಡಿದಳು.

'ಬನ್ನಿ ಅತ್ತಿಗೆ' ಅಂದಳು, ನಗುತ್ತ.

ಕತ್ತು ಹಿಡಿದುಕೊಂಡಿದೆ ಎಂದುಕೊಂಡೆ ನಾನು, ಆಸ್ಪತ್ರೆಯಲ್ಲಿ ಮಲಗಿ ಮಲಗಿ. ಅವಳನ್ನು ಕೂರಿಸಿ ನೋವಿನ ಮುಲಾಮು ಹಚ್ಚಿ ತಿಕ್ಕಿದೆ. ಕತ್ತು ಬೆಣ್ಣೆಯ ಹಾಗಿತ್ತು, ಒಂದು ಗಂಟಿಲ್ಲ, ಬಿಗಿತವಿಲ್ಲ. 'ನೋವಿದೆಯೇನೇ?' ಎಂದರೆ ಇಲ್ಲ ಎಂದು ತಲೆಯಾಡಿಸಿದಳು. ಅದನ್ನು ಆಮೇಲೆ ನಾನು ಮರೆತೆ. ನನ್ನ ತಮ್ಮ ಹಜಾರದ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದ್ದ. ಗಂಡ ಹೆಂಡತಿ ಸಂಜೆ ಜೊತೆಯಲ್ಲಿ ವಾಕಿಂಗ್ ಹೋಗುವುದನ್ನು ನನ್ನ ಅಂಗಡಿಯಿಂದಲೇ ನೋಡುತ್ತಿದ್ದೆ. ಅಬ್ಬಾ, ಗೆದ್ದಳು ಹುಡುಗಿ, ಎಂದು ನಿಟ್ಟುಸಿರು ಬಿಟ್ಟೆ. ಆದರೂ ಅವಳು ಅಂಗಡಿಗೆ ಬಂದು ನಿಂತಾಗಲೆಲ್ಲ ನನಗೆ ಯಾಕೋ ಬೆನ್ನು ತೋರಿಸಿ ಕೂರಲು ಮನಸ್ಸಾಗುತ್ತಿರಲಿಲ್ಲ.

ಆ ಆಫೀಸಿನವರು ಕಿಟಕಿಗೆ ಕಪ್ಪು ಪರದೆ ಹೊಲಿಸಬೇಕೆಂದು ಹೇಳಿಕಳಿಸಿದರು, ಟೀವಿಗಳ ಮೇಲೆ ಬಿಸಿಲು ಬೀಳುತ್ತದಂತೆ. ಅಳತೆ ತೆಗೆದುಕೊಳ್ಳಲು ಟೇಪು ಹಿಡಿದುಕೊಂಡು ಹೋದೆ. ಅಷ್ಟು ವರ್ಷದಲ್ಲಿ ನಾನು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ತಮ್ಮ ಕೆಳಗೆ ಟೀ ಕುಡಿಯಲು ಹೋಗಿದ್ದ. ಎರಡು ಟೀವಿಯೂ ಉರಿಯುತ್ತಿದ್ದವು. ಎರಡರಲ್ಲೂ ಮಂಜು ತುಂಬಿದ ಪಡಸಾಲೆ, ಎರಡರಲ್ಲೂ ದೀಪವನ್ನು ನೆಲಕ್ಕಿಟ್ಟು ಬೆನ್ನು ಹಾಕಿ ನಿಂತ ಹೆಂಗಸು. ಕಂಟ್ರೋಲರುಗಳು ಕುರ್ಚಿಯ ಮೇಲೆ ಬಿದ್ದಿದ್ದವು. ನಾನು ಸ್ಟೂಲು ಹತ್ತಿ ಕಿಟಕಿಯ ಅಗಲ ಅಳೆಯುತ್ತಿದ್ದೆ.

ಕಣ್ಣಂಚಿನಲ್ಲಿ ಏನೋ ಅಲುಗಿತು. ತಿರುಗಿ ನೋಡಿದರೆ ಆ ಹೆಂಗಸು, ಎರಡೂ ಕಡೆಯವಳು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಿದಳು. ಬಲಗೈ ಎತ್ತಿ ಎಡ ಮೊಣಕೈ ಸವರಿಕೊಂಡಳು. ಆಮೇಲೆ ತಿರುಗಿದಳು. ಕತ್ತು ಅರ್ಧಕ್ಕೆ ನಿಂತಿತು, ಎರಡರಲ್ಲೂ ಒಂದೇ ಸಮಕ್ಕೆ. ನಿಂತು, ಮಿಕ್ಕರ್ಧ ತಿರುಗಿ, ಇಬ್ಬರೂ ನನ್ನನ್ನು ನೋಡಿದರು.

ಸ್ಟೂಲಿನಿಂದ ಹೇಗಿಳಿದೆನೋ ನನಗೆ ಗೊತ್ತಿಲ್ಲ. ಟೇಪು ಕೈಯಿಂದ ಬಿದ್ದುಹೋಗಿತ್ತು. ಬಾಗಿಲಲ್ಲಿ ಪ್ರೋಗ್ರಾಮರ್ ನಿಂತಿದ್ದ. 'ಹೆದರ್ಕೊಂಡ್ರಾ?' ಎಂದು ಖುಷಿಯಿಂದ ನಕ್ಕ. 'ಆ ಕತ್ತಿದೆಯಲ್ಲಾ, ಅದಕ್ಕೇ ತಿಂಗಳುಗಟ್ಟಲೆ ಒದ್ದಾಡಿದ್ದು. ಹಳೇ ಮಷೀನು ನಿಧಾನ, ಅವಳು ತಿರುಗೋ ಹೊತ್ತಿಗೆ ಒಂದು ಕ್ಷಣ ಸಿಕ್ಕಿಹಾಕ್ಕೊಳ್ತಿತ್ತು. ಅದು ಮಷೀನಿನ ತಪ್ಪು, ಯಾರೂ ಬೇಕು ಅಂತ ಮಾಡಿದ್ದಲ್ಲ. ಹೊಸದರಲ್ಲಿ ನುಣ್ಣಗೆ ತಿರುಗಿಬಿಡ್ತಿದ್ಲು. ತಾಳೆಯಪ್ಪ ಒಪ್ಪಲೇ ಇಲ್ಲ. ಕೊನೆಗೆ ಆ ತಪ್ಪನ್ನೂ ನಾವು ಹೊಸದಾಗಿ ಮಾಡಿ ಕೂರಿಸಬೇಕಾಯ್ತು.'

ನಾನು ಬಿದ್ದ ಟೇಪನ್ನೂ ಎತ್ತಿಕೊಳ್ಳದೆ ಕೆಳಗಿಳಿದೆ. ಸಂಜೆಯವರೆಗೆ ಅಂಗಡಿಯಲ್ಲಿ ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಾಗಲಿಲ್ಲ. ನನಗೆ ಎಲ್ಲ ಅರ್ಥವಾಗಿತ್ತು, ಅಥವಾ ಹಾಗೆಂದುಕೊಂಡಿದ್ದೆ. ಹೆಂಡತಿ ಹೇಗಿದ್ದಳೆಂದು ಹೇಳಲು ಹೋಗಿ ಈ ಮಹಾನುಭಾವ ಆ ದೀಪದವಳನ್ನು ಕಲಿಸಿಬಿಟ್ಟಿದ್ದಾನೆ. ತಮ್ಮ ಮನೆಗೆ ಬರುವ ಹೊತ್ತು ನೋಡಿಕೊಂಡು ಹೋದೆ, ಚಪ್ಪಲಿಯನ್ನೂ ಬಿಡದೆ ಶುರು ಮಾಡಿದೆ.

'ಅಳತೆಗೆ ನಿನಗೆ ಬೇರೆ ಯಾರೂ ಸಿಗ್ಲಿಲ್ವೇನೋ? ಆ ದೀಪದವಳನ್ನ ತಂದು ಇವಳ ಮೈಮೇಲೆ ಹೊಲಿದಿದ್ದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?'

ಅವನು ಕುರ್ಚಿಯಲ್ಲಿ ಕೂತು ಶೂ ಬಿಚ್ಚುತ್ತಿದ್ದ. 'ಏನು ಹೇಳ್ತಿದ್ದೀಯ ಅಕ್ಕಾ?'

'ಆ ತಿರುಗೋದು! ಕತ್ತು ಅರ್ಧಕ್ಕೆ ನಿಲ್ಲೋದು! ಇವತ್ತು ಕಣ್ಣಾರೆ ನೋಡ್ಕೊಂಡು ಬಂದೆ.'

ಅವನು ನಕ್ಕ. ನಿಜವಾಗಿ, ಏನೂ ಮುಚ್ಚಿಡದ ನಗು. 'ಅದು ಇವಳದೇ ಅಲ್ವಾ? ಮೊದಲಿಂದ್ಲೂ ಹಾಗೇ ತಾನೇ ತಿರುಗ್ತಿದ್ದದ್ದು? ಮದುವೆ ಆದ ಹೊಸದರಲ್ಲಿ, ಆ ಕಿಟಕಿ ಹತ್ರ ನಿಂತ್ಕೊಂಡು... ನಿನಗೆ ನೆನಪಿಲ್ವಾ?'

ಅವನು ಸುಳ್ಳು ಹೇಳುತ್ತಿರಲಿಲ್ಲ. ದಿನವಿಡೀ ಆ ದೀಪದವಳನ್ನು ನೋಡಿ ನೋಡಿ, ಅವನ ತಲೆಯಲ್ಲಿದ್ದ ಮೂಲವೇ ಅವಳಾಗಿಬಿಟ್ಟಿದ್ದಳು. ಜಗತ್ತಿನ ಆಟಗಳನ್ನೆಲ್ಲ ತಾಳೆ ನೋಡಿದವನು, ಹೆಂಡತಿಯನ್ನು ಯಾರ ಜೊತೆ ತಾಳೆ ನೋಡುತ್ತಿದ್ದೇನೆ ಎನ್ನುವುದನ್ನೇ ತಪ್ಪಿದ್ದ.

'ಪಟಾಕಿ ಯಾವತ್ತಾದ್ರೂ ಅರ್ಧಕ್ಕೆ ನಿಂತವಳೇನೋ?' ಎಂದು ಕೂಗಿದೆ. 'ಅವಳು ತಿರುಗಿದ್ರೆ ಜಡೆ ಬಂದು ನಮ್ಮ ಮುಖಕ್ಕೆ ಬಡೀತಿತ್ತು!'

ಕೂಗಿದೆನೇ ಹೊರತು, ಆ ತಿರುಗುವುದನ್ನು ಮನಸ್ಸಿಗೆ ತಂದುಕೊಳ್ಳಲು ಹೋದರೆ ಜಡೆ ಬಂತು, ಮುಖ ಬರಲಿಲ್ಲ. ಬಂದ ಮುಖ ಮೆಲ್ಲಗೆ, ತಡೆದು ತಡೆದು ತಿರುಗಿತು. ನನ್ನ ತಲೆಯೊಳಗೂ.

ಅವನು ಕೈಯಲ್ಲಿದ್ದ ಶೂ ಕೆಳಗಿಟ್ಟ. 'ನಾನು ಕಲಿಸಿಲ್ಲ ಅಕ್ಕಾ. ನಿನ್ನಾಣೆ. ಅವಳಾಗೇ ಮಾಡಿದ್ಲು.'

'ಅವರು ಕಲಿಸಿಲ್ಲ, ಅತ್ತಿಗೆ' ಎಂದು ಹಿಂದಿನಿಂದ ಮಾತು ಬಂತು. 'ನಾನೇ ಕಲಿತೆ.'

ಅಡುಗೆಮನೆಯ ಬಾಗಿಲಲ್ಲಿ ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಮೊಣಕೈ ಸವರಿಕೊಳ್ಳಲಿಲ್ಲ, ಕಾಲು ಬದಲಿಸಲಿಲ್ಲ. ಪಟಾಕಿಯ ದನಿಯಲ್ಲ ಅದು. ಇಷ್ಟು ದಿನ ಕೇಳಿದ ಮೆತ್ತನೆಯ ದನಿಯೂ ಅಲ್ಲ. ಆ ದನಿ ಆ ಮನೆಯಲ್ಲಿ ಅವತ್ತೇ ಮೊದಲು ಬಾಯಿಬಿಟ್ಟದ್ದು.

'ಒಂದು ದಿನ ಇವರು ಊಟದ ಡಬ್ಬಿ ಮರೆತು ಹೋಗಿದ್ರು. ಕೊಡೋಣ ಅಂತ ಆಫೀಸಿಗೆ ಹೋದೆ. ಹಿಂದಿನ ಸ್ಟೂಲಲ್ಲಿ ಕೂತೆ. ನಾನು ಬಂದಿದ್ದು ಇವರಿಗೆ ಗೊತ್ತೇ ಆಗ್ಲಿಲ್ಲ. ಟೀವೀಲಿ ಅವಳು ತಿರುಗಿದ್ಲು, ಇವರು ಕುರ್ಚಿಯಿಂದ ಎದ್ದು ನಿಂತು ಅದೇ ಅಂದ್ರು. ಕಣ್ಣಲ್ಲಿ ನೀರಿತ್ತು. ನಾನು ಇಲ್ಲಿ ಕೂಗಿ, ಕುಣಿದು, ಬಾಗಿಲು ಬಡಿದು, ಸೌಟು ಎಸೆದು, ಏನೆಲ್ಲ ಮಾಡಿದ್ರೂ ಒಂದು ದಿನಾನೂ ನನ್ನನ್ನ ಆ ಥರ ನೋಡಿರ್ಲಿಲ್ಲ. ಡಬ್ಬೀನ ಅಲ್ಲೇ ಬಾಗಿಲ ಹತ್ರ ಇಟ್ಟು ಮನೆಗೆ ಬಂದು ಕನ್ನಡಿ ಮುಂದೆ ನಿಂತೆ.'

ನನ್ನ ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನನಗೆ ಸಿಟ್ಟೂ ಸಂಕಟವೂ ಒಟ್ಟಿಗೇ ಬಂದವು. 'ನಡಿ' ಅಂದೆ, ಅವಳ ಕೈ ಹಿಡಿದು. 'ನನ್ನ ಮನೆಗೆ ನಡಿ. ಇವನ ಸಹವಾಸವೇ ಬೇಡ. ಅಲ್ಲಿ ನೀನು ನೀನಾಗಿರು.'

'ನಾನು ಅಂದ್ರೆ ಯಾರು ಅತ್ತಿಗೆ?' ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. 'ನೀವು ಹೇಳ್ತಿದ್ರಲ್ಲ, ಆ ಪಟಾಕಿನಾ? ಅವಳನ್ನ ನಾನು ನೋಡೇ ಇಲ್ಲ. ಆ ಟೀವಿಯವಳನ್ನಾದ್ರೂ ನೋಡಿದ್ದೀನಿ.'

ಅವಳು ಅವನ ಕಡೆ ತಿರುಗಿದಳು. ಸರಾಗವಾಗಿ, ಎಲ್ಲೂ ನಿಲ್ಲದೆ.

'ರೀ, ನಾನು ಇದನ್ನೆಲ್ಲ ಬಿಟ್ಟುಬಿಡ್ತೀನಿ. ಕಷ್ಟ ಏನಿಲ್ಲ. ಬಿಟ್ಟಮೇಲೆ ನೀವು ನನ್ನನ್ನ ಅದೇ ಅಂತೀರಾ?'

ನನ್ನ ತಮ್ಮನಿಗೆ ನೂರು ದೋಷಗಳಿರಬಹುದು, ಈ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಹೇಳಬಾರದೇ, ಒಂದು ಸಲ ಹೇಳಿಬಿಡಬಾರದೇ ಎಂದು ನಾನು ಮನಸ್ಸಿನಲ್ಲೇ ಅವನ ಕಾಲು ಹಿಡಿದೆ. ಅವನು ಕೈ ತೆಗೆದು ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ.

'ಇಲ್ಲ' ಅಂದ. 'ನೀನು ಅವಳಲ್ಲ.'

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಹೆಗಲ ಮೇಲಿದ್ದ ಭಾರವಾದ ಏನನ್ನೋ ಕೆಳಗಿಟ್ಟವಳ ಹಾಗೆ ಉಸಿರು ಬಿಟ್ಟಳು.

'ಅಲ್ಲ' ಅಂದಳು. 'ನನಗೆ ಆಸ್ಪತ್ರೇಲೇ ಗೊತ್ತಿತ್ತು. ಅವಳು ಆ ಬಸ್ಸಿನ ಹತ್ರಾನೇ ಹೋಗಿಬಿಟ್ಲು. ಆದ್ರೆ ಈ ಮನೇಲಿ ಅವಳಿಗೋಸ್ಕರ ಯಾರೂ ಅಳಲೇ ಇಲ್ಲ ಅಲ್ವಾ? ನಾನು ಬಂದುಬಿಟ್ಟೆನಲ್ಲ, ಅದಕ್ಕೆ.'

ಅಷ್ಟು ಹೇಳಿದ್ದೇ ತಡ, ಅಯ್ಯೋ ನನ್ನ ಪಟಾಕಿ, ಅಯ್ಯೋ ನನ್ನ ತಾಯಿ ಎಂದು ನಾನು ನೆಲಕ್ಕೆ ಕುಸಿದು ಗೋಳೋ ಎಂದು ಅತ್ತೆ. ಅಷ್ಟು ಜಗಳವಾಡಿದವಳು, ಅಷ್ಟು ನಕ್ಕವಳು, ಸತ್ತುಹೋಗಿ ಒಂದು ವರ್ಷದ ಮೇಲಾಗಿತ್ತು. ನಾನು ಅವಳ ಎದುರಿಗೇ ಕೂತು ಊಟ ಮಾಡುತ್ತಿದ್ದೇನೆ ಎಂದುಕೊಂಡು ಅವಳಿಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ತಮ್ಮ ಕುರ್ಚಿಯಿಂದ ಜಾರಿ ನನ್ನ ಪಕ್ಕ ಬಂದು ಬಿದ್ದ. ಅಪಘಾತವಾದ ದಿನದಿಂದ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಮಕ್ಕಳು ಅಳುವ ಹಾಗೆ ಬಾಯಿ ತೆರೆದು ಅತ್ತ.

ಅವಳು ಅಲ್ಲಿಯೇ ನಿಂತು ನಮ್ಮನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಎರಡು ಲೋಟ ನೀರು ತಂದಳು. ಸಾವಿನ ಮನೆಗೆ ಮಾತಾಡಿಸಿಕೊಂಡು ಹೋಗಲು ಬಂದ ಅಪರಿಚಿತರ ಹಾಗೆ ನಮ್ಮೆದುರು ನೆಲದ ಮೇಲೆ ಕೂತು, ಲೋಟಗಳನ್ನು ನಮ್ಮ ಕಡೆ ಸರಿಸಿ, 'ತುಂಬಾ ಒಳ್ಳೆಯವರಾಗಿದ್ರಾ?' ಎಂದು ಕೇಳಿದಳು.